ಪ್ರೊಬೇಟ್ ನ್ಯಾಯಾಲಯ ಎಲ್ಲಿದೆ?

ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ 213ನೇ ಕಲಂ ಈಗ ಇಲ್ಲ. ಬಳಕೆ ತಪ್ಪಿದ ಹಳೆಯ ಕಾನೂನುಗಳನ್ನು ಒಟ್ಟಾಗಿ ಕೈಬಿಡಲೆಂದು ಸಂಸತ್ತು 2025ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ ರದ್ದತಿ ಮತ್ತು ತಿದ್ದುಪಡಿ ಕಾಯ್ದೆಯು ಈ ಕಲಮನ್ನೂ ತೆಗೆದುಹಾಕಿತು. ಉಯಿಲಿನಿಂದ ಬಂದ ಹಕ್ಕನ್ನು ನ್ಯಾಯಾಲಯದಲ್ಲಿ ಸ್ಥಾಪಿಸಬೇಕಾದರೆ ಮೊದಲು ಆ ಉಯಿಲಿಗೆ ಪ್ರೊಬೇಟ್ ಪಡೆದಿರಬೇಕು ಎಂಬ ಕಟ್ಟಳೆ ಅದರಲ್ಲಿತ್ತು. ಕೆಲವು ಊರುಗಳಿಗೆ, ಕೆಲವು ಸಮುದಾಯಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಈ ಸುದ್ದಿಯ ನಂತರ ಪರಿಚಿತರು ಹಲವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಹಾಗಾದರೆ ಇನ್ನು ಪ್ರೊಬೇಟ್ ಕೋರ್ಟ್ ಇರುವುದಿಲ್ಲವೇ?’ ಕೇಳಿದವರೆಲ್ಲ ವಿದ್ಯಾವಂತರು. ಬ್ಯಾಂಕು, ಕಾಲೇಜುಗಳಲ್ಲಿ ದುಡಿದು ನಿವೃತ್ತರಾದವರು. ಉಯಿಲು ಬರೆದಿಟ್ಟವರು ಅಥವಾ ಬರೆಯಬೇಕೆಂದು ಯೋಚಿಸುತ್ತಿರುವವರು. ಪ್ರಶ್ನೆ ಸಹಜವಾದದ್ದೇ. ಆದರೆ ಅದರೊಳಗೊಂದು ತಪ್ಪು ಗ್ರಹಿಕೆ ಅಡಗಿದೆ. ಪ್ರೊಬೇಟ್ ಕೋರ್ಟ್ ಎಂಬ ಪ್ರತ್ಯೇಕ ನ್ಯಾಯಾಲಯವನ್ನು ಈ ಕಾಯ್ದೆ ಸೃಷ್ಟಿಸಿಯೇ ಇರಲಿಲ್ಲ.

ಕಾಯ್ದೆಯ 2ನೇ ಕಲಮಿನಲ್ಲಿರುವ ವ್ಯಾಖ್ಯೆಗಳನ್ನು ಓದಿದರೆ ಇದು ಸ್ಪಷ್ಟವಾಗುತ್ತದೆ. ‘ಪ್ರೊಬೇಟ್’ ಎಂದರೇನು ಎಂಬುದನ್ನು ಅಲ್ಲಿ ಹೇಳಿದೆ: ಅಧಿಕಾರವುಳ್ಳ ನ್ಯಾಯಾಲಯವೊಂದು ತನ್ನ ಮೊಹರಿನಡಿ ದೃಢೀಕರಿಸಿ, ಮೃತರ ಆಸ್ತಿಯ ಆಡಳಿತದ ಅಧಿಕಾರವನ್ನೂ ಕೊಟ್ಟು ನೀಡುವ ಉಯಿಲಿನ ನಕಲು. ‘ಜಿಲ್ಲಾ ನ್ಯಾಯಾಧೀಶ’ ಎಂದರೆ ಮೂಲ ಅಧಿಕಾರವ್ಯಾಪ್ತಿಯುಳ್ಳ ಪ್ರಧಾನ ಸಿವಿಲ್ ನ್ಯಾಯಾಲಯದ ನ್ಯಾಯಾಧೀಶ ಎಂದೂ ಹೇಳಿದೆ. ‘ಪ್ರೊಬೇಟ್ ನ್ಯಾಯಾಲಯ’ ಎಂಬ ಪದಕ್ಕೆ ಮಾತ್ರ ವ್ಯಾಖ್ಯೆಯಿಲ್ಲ. ಪ್ರೊಬೇಟ್ ನೀಡುವ ಅಧಿಕಾರ 264ನೇ ಕಲಮಿನಂತೆ ಜಿಲ್ಲಾ ನ್ಯಾಯಾಧೀಶರದು. 300ನೇ ಕಲಮಿನಂತೆ ಹೈಕೋರ್ಟಿಗೂ ಅದೇ ಅಧಿಕಾರವುಂಟು. ತಕರಾರಿಲ್ಲದ ಅರ್ಜಿಗಳನ್ನು ವಿಲೇವಾರಿ ಮಾಡಲು ಹೈಕೋರ್ಟು ಕೆಳಗಿನ ನ್ಯಾಯಾಧಿಕಾರಿಗಳನ್ನು ಪ್ರತಿನಿಧಿಗಳಾಗಿ ನೇಮಿಸಬಹುದೆಂದು 265ನೇ ಕಲಂ ಹೇಳುತ್ತದೆ. ಬೆಳಿಗ್ಗೆ ವಿಭಾಗದ ದಾವೆಯನ್ನೂ ಮಧ್ಯಾಹ್ನ ಬಾಡಿಗೆಯ ತಗಾದೆಯನ್ನೂ ಕೇಳುವ ನ್ಯಾಯಾಧೀಶರೇ ನಡುವೆ ಉಯಿಲಿನ ಅರ್ಜಿಯೊಂದನ್ನು ಕೈಗೆತ್ತಿಕೊಂಡಾಗ ಆ ಹೊತ್ತಿಗೆ ಪ್ರೊಬೇಟ್ ನ್ಯಾಯಾಲಯವಾಗುತ್ತಾರೆ. ಪೀಠ ಅದೇ, ಗುಮಾಸ್ತರು ಅವರೇ. ಬದಲಾಗುವುದು ಕೇಳಬೇಕಾದ ಪ್ರಶ್ನೆ ಮತ್ತು ಕೊಟ್ಟ ಉತ್ತರದ ಬಲ.

213ನೇ ಕಲಂ ಹೋದದ್ದರಿಂದ ಈ ಅಧಿಕಾರವೇನೂ ಹೋಗಿಲ್ಲ. ಪ್ರೊಬೇಟ್ ಕಡ್ಡಾಯವೆಂಬ ಮಾತು ಹೋಗಿದೆ, ಅಷ್ಟೆ. ಬೇಕೆಂದವರು ಈಗಲೂ ಅರ್ಜಿ ಹಾಕಬಹುದು. ಇನ್ನು ಕೆಲವರು ಕೌಟುಂಬಿಕ ನ್ಯಾಯಾಲಯವೇ ಇದನ್ನೆಲ್ಲ ನೋಡಿಕೊಳ್ಳುತ್ತದೆ ಎಂದು ಭಾವಿಸಿದ್ದಾರೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ವ್ಯಾಪ್ತಿಯಲ್ಲಿ ಉಯಿಲಿನ ದೃಢೀಕರಣ ಬರುವುದಿಲ್ಲ.

ಇಲ್ಲದ ನ್ಯಾಯಾಲಯದ ಹೆಸರು ನಮ್ಮ ಬಾಯಲ್ಲಿ ನಿಂತದ್ದು ಹೇಗೆ? ಇಂಗ್ಲೆಂಡಿನಲ್ಲಿ ಉಯಿಲುಗಳ ವಿಚಾರಣೆ ಶತಮಾನಗಳ ಕಾಲ ಚರ್ಚಿನ ನ್ಯಾಯಾಲಯಗಳ ಕೈಯಲ್ಲಿತ್ತು. 1857ರ ಕಾಯ್ದೆಯೊಂದು ಅದನ್ನು ಕಿತ್ತು ‘ಕೋರ್ಟ್ ಆಫ್ ಪ್ರೊಬೇಟ್’ ಎಂಬ ಪ್ರತ್ಯೇಕ ನ್ಯಾಯಾಲಯಕ್ಕೆ ಕೊಟ್ಟಿತು. 1858ರ ಜನವರಿಯಲ್ಲಿ ಆರಂಭವಾದ ಆ ನ್ಯಾಯಾಲಯ 1875ರಲ್ಲಿ, ಎಲ್ಲ ಮೇಲ್ಮಟ್ಟದ ನ್ಯಾಯಾಲಯಗಳನ್ನು ಒಂದುಗೂಡಿಸಿದಾಗ, ಹೈಕೋರ್ಟಿನ ಒಂದು ವಿಭಾಗದಲ್ಲಿ ಲೀನವಾಯಿತು. ಉಯಿಲು, ವಿಚ್ಛೇದನ, ಹಡಗುಗಳ ವ್ಯಾಜ್ಯ ಈ ಮೂರೂ ಆ ಒಂದೇ ವಿಭಾಗದ ಪಾಲಾದವು. ಹೀಗೆ ಹದಿನೆಂಟು ವರ್ಷವೂ ತುಂಬದ ನ್ಯಾಯಾಲಯವೊಂದರ ಹೆಸರು ನಮ್ಮ ವಕೀಲರ ಅರ್ಜಿಗಳಲ್ಲಿ ಇಂದಿಗೂ ಬದುಕಿದೆ.

ನಿಜವಾಗಿಯೂ ವಿಶೇಷ ಪ್ರೊಬೇಟ್ ನ್ಯಾಯಾಲಯಗಳಿರುವುದು ಅಮೆರಿಕದಲ್ಲಿ. ಅಲ್ಲಿಯೂ ರಾಜ್ಯಕ್ಕೊಂದು ಬಗೆ, ರಾಜ್ಯಕ್ಕೊಂದು ಹೆಸರು. ವ್ಯಾಖ್ಯೆಯ ದೃಷ್ಟಿಯಿಂದ ಟೆಕ್ಸಾಸ್‌ನ ಉದಾಹರಣೆ ಗಮನಾರ್ಹ. ಅಲ್ಲಿನ 254 ಕೌಂಟಿಗಳ ಪೈಕಿ ಜನಸಂಖ್ಯೆ ಹೆಚ್ಚಿರುವ ಕೆಲವೇ ಕೌಂಟಿಗಳಲ್ಲಿ ಪ್ರತ್ಯೇಕ ಪ್ರೊಬೇಟ್ ನ್ಯಾಯಾಲಯಗಳಿವೆ. ಉಳಿದೆಡೆ ಸಾಮಾನ್ಯ ಕೌಂಟಿ ನ್ಯಾಯಾಲಯವೇ ಆ ಕೆಲಸವನ್ನೂ ಮಾಡುತ್ತದೆ. ಸಣ್ಣ ಕೌಂಟಿಗಳ ‘ಕೌಂಟಿ ಜಡ್ಜ್’ ನಮ್ಮ ಜಿಲ್ಲಾಧಿಕಾರಿಯ ಹಾಗೆ ಆಡಳಿತದ ಮುಖ್ಯಸ್ಥರೂ ಹೌದು; ಆಯವ್ಯಯ ಮತ್ತು ರಸ್ತೆ ರಿಪೇರಿಯ ಜೊತೆಗೆ ಉಯಿಲುಗಳನ್ನೂ ನೋಡುತ್ತಾರೆ, ಅವರು ಕಾನೂನು ಪದವೀಧರರೇ ಆಗಿರಬೇಕೆಂದಿಲ್ಲ. ಯಾರು ಏನನ್ನು ತೀರ್ಮಾನಿಸಬಹುದು ಎಂಬ ಗೊಂದಲ ಹುಟ್ಟುವುದಕ್ಕೆ ಇದಕ್ಕಿಂತ ಹದವಾದ ನೆಲ ಬೇಕೆ? ಆದ್ದರಿಂದಲೇ 2014ರ ಆರಂಭದಲ್ಲಿ ಜಾರಿಗೆ ಬಂದ ಅಲ್ಲಿನ ಎಸ್ಟೇಟ್ಸ್ ಸಂಹಿತೆ ಒಂದು ಕಟ್ಟುನಿಟ್ಟಾದ ವ್ಯಾಖ್ಯೆ ಕೊಟ್ಟಿದೆ: ಶಾಸನವೇ ಸ್ಥಾಪಿಸಿ ‘ಶಾಸನಬದ್ಧ ಪ್ರೊಬೇಟ್ ನ್ಯಾಯಾಲಯ’ ಎಂದು ಹೆಸರಿಸಿದ್ದು ಮಾತ್ರ ಆ ನ್ಯಾಯಾಲಯ, ಪ್ರೊಬೇಟ್ ಕೆಲಸವನ್ನು ಮಾಡಿದ ಮಾತ್ರಕ್ಕೆ ಬೇರೊಂದು ನ್ಯಾಯಾಲಯ ಆ ಹೆಸರಿಗೆ ಅರ್ಹವಾಗದು. ಆ ವಿಶೇಷ ನ್ಯಾಯಾಲಯಕ್ಕೆ ಮೃತರ ಸ್ಥಿರಾಸ್ತಿಯ ಒಡೆತನದ ವ್ಯಾಜ್ಯವನ್ನೂ ತೀರ್ಮಾನಿಸುವ ವಿಶಾಲ ಅಧಿಕಾರವಿದೆ. ನಮ್ಮಲ್ಲಿ ಇದಕ್ಕೆ ತದ್ವಿರುದ್ಧ.

ನಮ್ಮ ಪ್ರೊಬೇಟ್ ನ್ಯಾಯಾಲಯ ಕೇಳುವ ಪ್ರಶ್ನೆ ತೀರ ಕಿರಿದು. ಹಾಜರುಪಡಿಸಿದ ಪತ್ರ ಮೃತರ ಕೊನೆಯ ಉಯಿಲೇ? ಕಾನೂನಿನ ಪ್ರಕಾರ ಸಹಿಯೂ ಇಬ್ಬರ ಸಾಕ್ಷಿಯೂ ಆಗಿದೆಯೇ? ಬರೆಯುವಾಗ ಅವರ ಬುದ್ಧಿ ಸ್ವಸ್ಥವಾಗಿತ್ತೇ, ಮನಸ್ಸು ಸ್ವತಂತ್ರವಾಗಿತ್ತೇ? ಇಷ್ಟೇ. ಉಯಿಲಿನಲ್ಲಿ ಬರೆದ ಆಸ್ತಿ ಅವರದೇ ಆಗಿತ್ತೇ, ಪಿತ್ರಾರ್ಜಿತವೇ ಸ್ವಯಾರ್ಜಿತವೇ, ಇಂಥ ಮಗನಿಗೆ ಕೊಟ್ಟದ್ದು ಸರಿಯೇ ಎಂಬುದು ಅದರ ವಿಷಯವಲ್ಲ. ಈಶ್ವರದೇವ್ ನಾರಾಯಣ್ ಸಿಂಗ್ ವಿರುದ್ಧ ಕಾಮ್ತಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎಪ್ಪತ್ತು ವರ್ಷಗಳ ಹಿಂದೆಯೇ ನಿಸ್ಸಂದಿಗ್ಧವಾಗಿ ಹೇಳಿದೆ. ಅನಂತರದ ಹಲವು ತೀರ್ಪುಗಳು ಅದನ್ನೇ ಪುನರುಚ್ಚರಿಸಿವೆ. ತಂದೆ ತನ್ನದಲ್ಲದ ಮನೆಯನ್ನು ಕಿರಿಯ ಮಗನಿಗೆ ಬರೆದಿಟ್ಟರೆ ಆ ಉಯಿಲಿಗೂ ಪ್ರೊಬೇಟ್ ಸಿಗಬಹುದು. ಮನೆ ಮಾತ್ರ ಸಿಗುವುದಿಲ್ಲ. ಪ್ರೊಬೇಟ್ ಕೈಗೆ ಬಂದೊಡನೆ ಮಾಲೀಕತ್ವವೇ ಬಂತೆಂದು ತಿಳಿದು ಸಿಹಿ ಹಂಚಿದವರು ಮರುವರ್ಷ ಸಿವಿಲ್ ದಾವೆಯಲ್ಲಿ ಪ್ರತಿವಾದಿಗಳಾಗುವುದು ಇದರಿಂದಲೇ.

ಕಿರಿದಾದ ಈ ಪ್ರಶ್ನೆಯೂ ಎಷ್ಟು ದೀರ್ಘವಾಗಬಲ್ಲದು ಎಂಬುದಕ್ಕೆ ಕಲ್ಕತ್ತಾ ಹೈಕೋರ್ಟಿನ ಬಿರ್ಲಾ ಪ್ರಕರಣ ಸಾಕ್ಷಿ. 2004ರಲ್ಲಿ ನಿಧನರಾದ ಪ್ರಿಯಂವದಾ ಬಿರ್ಲಾ ಅವರ 1999ರ ಉಯಿಲು ಅವರ ಸಂಪತ್ತನ್ನು ಲೆಕ್ಕಪರಿಶೋಧಕ ಆರ್.ಎಸ್. ಲೋಧಾ ಅವರಿಗೆ ನೀಡಿತ್ತು. ಆ ಉಯಿಲಿನ ವಿರುದ್ಧ ತಕರಾರು ಹೂಡುವ ಹಕ್ಕು ಯಾರಿಗುಂಟು ಎಂಬ ಪ್ರಾಥಮಿಕ ಪ್ರಶ್ನೆಯೇ 2008ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಯಿತು. ವ್ಯಾಜ್ಯ ನಡೆಯುವಾಗ ಆಸ್ತಿಯನ್ನು ನೋಡಿಕೊಳ್ಳಲು ಆಡಳಿತಾಧಿಕಾರಿಯನ್ನು ನೇಮಿಸುವ ಅಧಿಕಾರ ಕಾಯ್ದೆಯ 247ನೇ ಕಲಮಿನಲ್ಲಿದೆ. ಆ ಅಧಿಕಾರ ಮೃತರು ಷೇರು ಹೊಂದಿದ್ದ ಕಂಪನಿಗಳ ಆಡಳಿತದವರೆಗೂ ಚಾಚಬಹುದೇ ಎಂಬ ವಿವಾದ ಮುಂದೆ ಎದ್ದಿತು. ಚಾಚಲಾಗದು, ಮೃತರ ಆಸ್ತಿಗಷ್ಟೇ ಅದು ಸೀಮಿತ ಎಂದು ವಿಭಾಗೀಯ ಪೀಠ ಹೇಳಿದ್ದು 2023ರ ಡಿಸೆಂಬರ್‌ನಲ್ಲಿ. ಉಯಿಲು ಬರೆದವರು ತೀರಿಕೊಂಡು ಅಷ್ಟರಲ್ಲಿ ಹತ್ತೊಂಬತ್ತು ವರ್ಷ ಕಳೆದಿತ್ತು. ಅಧಿಕಾರದ ಗಡಿ ಕಾಯ್ದೆಯಲ್ಲೇ ಬರೆದಿದ್ದರೆ ಈ ಕಾಲದಲ್ಲಿ ಒಂದಷ್ಟಾದರೂ ಉಳಿಯುತ್ತಿತ್ತು.

ಇಷ್ಟು ಕಿರಿದಾದ ಪ್ರಶ್ನೆಗೆ ಪ್ರತ್ಯೇಕ ಅಧಿಕಾರವ್ಯಾಪ್ತಿ ಏಕೆ ಬೇಕೆಂದು ಕೇಳಬಹುದು. ಉತ್ತರ ಸುಲಭ: ಉಳಿದ ಯಾವ ಪತ್ರದ ವಿಚಾರಣೆಯಲ್ಲೂ ಬರೆದವರನ್ನು ಕರೆಸಿ ಕೇಳುವ ಸಾಧ್ಯತೆ ಒಂದಿಷ್ಟಾದರೂ ಇರುತ್ತದೆ, ಉಯಿಲಿನಲ್ಲಿ ಇಲ್ಲ. ಈ ವಿಷಯದಲ್ಲಿ ದೇಶದ ಎಲ್ಲ ನ್ಯಾಯಾಲಯಗಳೂ ಇಂದಿಗೂ ಉದ್ಧರಿಸುವ ತೀರ್ಪು ನಮ್ಮ ಮೈಸೂರು ಹೈಕೋರ್ಟಿನಿಂದ ಮೇಲ್ಮನವಿಯಾಗಿ ಹೋದದ್ದು ಎಂಬುದನ್ನು ಇಲ್ಲಿ ನೆನೆಯಬೇಕು. ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಜಮ್ಮ ಪ್ರಕರಣದಲ್ಲಿ 1958ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ಗಜೇಂದ್ರಗಡಕರ್ ಅವರು ತೀರ್ಪು ಬರೆದರು. ಉಯಿಲು ಸಿದ್ಧಪಡಿಸುವುದರಲ್ಲಿ ಮುಂದಾಗಿ ನಿಂತವರ ಮಕ್ಕಳಿಗೇ ಅದರಿಂದ ದೊಡ್ಡ ಲಾಭವಾಗುತ್ತಿತ್ತು. ಸಂಶಯಕ್ಕೆ ಎಡೆಗೊಡುವ ಇಂಥ ಸನ್ನಿವೇಶವಿದ್ದಲ್ಲಿ, ಅದನ್ನು ನಿವಾರಿಸಿ ನ್ಯಾಯಾಲಯದ ಅಂತಃಸಾಕ್ಷಿಗೆ ಸಮಾಧಾನವಾಗುವಂತೆ ಸಾಬೀತು ಮಾಡುವ ಹೊಣೆ ಉಯಿಲನ್ನು ಮುಂದಿಟ್ಟವರದೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಉಯಿಲನ್ನು ಒಪ್ಪದ ಮೈಸೂರು ಹೈಕೋರ್ಟಿನ ನಿಲುವನ್ನು ಎತ್ತಿಹಿಡಿಯಿತು. ಪ್ರೊಬೇಟ್ ಕಡ್ಡಾಯವಲ್ಲದ ಮೈಸೂರಿನಲ್ಲಿ ಆ ವ್ಯಾಜ್ಯ ನಡೆದದ್ದು ಸಾಮಾನ್ಯ ಸಿವಿಲ್ ದಾವೆಯಾಗಿ. ಅಂದರೆ ಉಯಿಲನ್ನು ಒರೆಗೆ ಹಚ್ಚುವ ಕಲ್ಲು ಎರಡೂ ಕಡೆ ಒಂದೇ.

ಭೇದವಿರುವುದು ಉತ್ತರದ ಬಲದಲ್ಲಿ. ಸಿವಿಲ್ ದಾವೆಯ ತೀರ್ಪು ವಾದಿ ಪ್ರತಿವಾದಿಗಳನ್ನು ಮಾತ್ರ ಕಟ್ಟಿಹಾಕುತ್ತದೆ. ಪ್ರೊಬೇಟ್ ಆದೇಶ ಎಲ್ಲರನ್ನೂ ಕಟ್ಟಿಹಾಕುತ್ತದೆ: ವಿದೇಶದಲ್ಲಿರುವ ಮಗಳನ್ನು, ಸಾಲ ಕೊಟ್ಟ ಬ್ಯಾಂಕನ್ನು, ನಾಳೆ ಆ ಮನೆ ಕೊಳ್ಳಲು ಬರುವ ಅಪರಿಚಿತನನ್ನು. ಸಕಾರಣವಿದ್ದರೆ 263ನೇ ಕಲಮಿನಡಿ ಅದನ್ನು ರದ್ದುಪಡಿಸಲು ಕೋರಬಹುದು. ಅಲ್ಲಿಯವರೆಗೆ ಉಯಿಲಿನ ಸಾಚಾತನ ಇತ್ಯರ್ಥವಾದ ಸಂಗತಿ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇದನ್ನು ಸಾರ್ವಜನಿಕ ಸರಕು ಎಂದೇ ಕರೆಯುತ್ತೇನೆ. ಒಬ್ಬರು ಖರ್ಚು ಮಾಡಿ ಪಡೆದ ನಿಶ್ಚಿತತೆಯ ಮೇಲೆ ಆಮೇಲೆ ಬರುವವರೆಲ್ಲ ವ್ಯವಹರಿಸಬಹುದು. ಪ್ರತಿಯೊಬ್ಬರೂ ಮತ್ತೆ ಮೊದಲಿನಿಂದ ವಿಚಾರಿಸಬೇಕಿಲ್ಲ.

ಈ ಬಲವನ್ನು ಕೊಡುವುದು ಸಾಕ್ಷ್ಯ ಕಾನೂನು. 1872ರ ಸಾಕ್ಷ್ಯ ಕಾಯ್ದೆಯ 41ನೇ ಕಲಂ ನಾಲ್ಕು ಅಧಿಕಾರವ್ಯಾಪ್ತಿಗಳನ್ನು ಒಟ್ಟಿಗೆ ಹೆಸರಿಸಿತ್ತು: ಪ್ರೊಬೇಟ್, ವಿವಾಹ, ನೌಕಾವ್ಯಾಜ್ಯ ಮತ್ತು ದಿವಾಳಿತನ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ತತ್ವ ಉಳಿದಿದೆ. ಒಡಹುಟ್ಟಿದವರಂತಿದ್ದ ಈ ನಾಲ್ಕರಲ್ಲಿ ಮೂವರಿಗೆ ಈಗಾಗಲೇ ನೆಲೆಯಾಗಿದೆ. ವಿವಾಹದ ವ್ಯಾಜ್ಯಗಳಿಗೆ 1984ರಲ್ಲಿ ಕೌಟುಂಬಿಕ ನ್ಯಾಯಾಲಯಗಳು ಬಂದವು. ಕಂಪನಿಗಳ ದಿವಾಳಿತನ 2016ರ ಸಂಹಿತೆಯ ಮೂಲಕ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಯಿತು. ನೌಕಾವ್ಯಾಜ್ಯಗಳಿಗೆ 2017ರಲ್ಲಿ ಹೊಸ ಕಾಯ್ದೆಯೇ ಆಗಿ, ಯಾವ ಯಾವ ಹೈಕೋರ್ಟಿಗೆ ಆ ಅಧಿಕಾರವೆಂದು ಹೆಸರು ಹೇಳಿ ಬರೆಯಲಾಯಿತು. ಕರ್ನಾಟಕ ಹೈಕೋರ್ಟೂ ಆ ಪಟ್ಟಿಯಲ್ಲಿದೆ. ಹಡಗು ಇರುವವರು ಎಷ್ಟು ಮಂದಿ, ಸಾಯುವವರು ಎಷ್ಟು ಮಂದಿ? ಆದರೂ ಪ್ರೊಬೇಟ್ ಒಂದೇ ಇನ್ನೂ ಅನ್ಯರ ಜಗಲಿಯಲ್ಲಿ ಕುಳಿತಿದೆ.

ಇದರ ಬಿಸಿ ತಟ್ಟುವುದು ಕಂದಾಯ ಕಚೇರಿಗಳಿಗೆ. ಜಮೀನಿನ ಮಾಲೀಕರು ತೀರಿಕೊಂಡ ಮೇಲೆ ಉಯಿಲು ಹಿಡಿದು ಮೊದಲು ಬರುವುದು ನ್ಯಾಯಾಲಯಕ್ಕಲ್ಲ, ಖಾತೆ ಬದಲಾವಣೆಗಾಗಿ ತಹಶೀಲ್ದಾರರ ಬಳಿಗೆ. ನಾನು ಉಪವಿಭಾಗಾಧಿಕಾರಿಯಾಗಿದ್ದಾಗ ಮೇಲ್ಮನವಿಯೊಂದು ಬಂದಿತ್ತು. ಅಣ್ಣತಮ್ಮಂದಿರಿಬ್ಬರು, ಇಬ್ಬರ ಕೈಯಲ್ಲೂ ತಂದೆಯ ಉಯಿಲು, ಎರಡೂ ನೋಂದಣಿಯಾದವು. ತಮ್ಮನ ಉಯಿಲು ಆರು ತಿಂಗಳು ಈಚಿನದು. ಆ ಹೊತ್ತಿಗೆ ಅಪ್ಪನಿಗೆ ಪ್ರಜ್ಞೆಯೇ ಇರಲಿಲ್ಲ ಎಂದು ಅಣ್ಣನ ವಾದ. ‘ಸ್ವಾಮಿ, ಸಬ್ ರಿಜಿಸ್ಟ್ರಾರ್ ಮೊಹರು ಬಿದ್ದ ಮೇಲೆ ಇನ್ನೇನು ತೀರ್ಮಾನ ಆಗಬೇಕು?’ ಎಂದು ತಮ್ಮ ಕೇಳಿದ. ಅವನಿಗೆ ಯಾರೂ ಹೇಳಿರಲಿಲ್ಲ: ಉಯಿಲಿನ ನೋಂದಣಿ ಐಚ್ಛಿಕ, ನೋಂದಣಿಯಾದ ಮಾತ್ರಕ್ಕೆ ಉಯಿಲು ಸಾಬೀತಾಗುವುದಿಲ್ಲ, ಸಾಕ್ಷಿ ಹಾಕಿದವರಲ್ಲಿ ಒಬ್ಬರಾದರೂ ಬದುಕಿದ್ದರೆ ಅವರನ್ನು ಕರೆಸಿ ವಿಚಾರಿಸಲೇಬೇಕು. ವಿಚಾರಿಸುವ ಅಧಿಕಾರ ನನ್ನದಾಗಿರಲಿಲ್ಲ. 1964ರ ಭೂಕಂದಾಯ ಕಾಯ್ದೆ ಕಂದಾಯ ಅಧಿಕಾರಿಗೆ ಕೊಟ್ಟಿರುವುದು ಹಕ್ಕುದಾಖಲೆ ತಿದ್ದುವ ಕೆಲಸ, ಹಕ್ಕನ್ನು ನಿರ್ಣಯಿಸುವ ಕೆಲಸವಲ್ಲ. ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ 2002ರಲ್ಲಿ, ಸಿ.ಎನ್. ನಾಗೇಂದ್ರ ಸಿಂಗ್ ಪ್ರಕರಣದಲ್ಲಿ, ಮಾಲೀಕತ್ವದ ವಿವಾದ ಸಿವಿಲ್ ನ್ಯಾಯಾಲಯದ್ದೇ ಎಂದಿತು. ಉಯಿಲು ವಿವಾದಿತವಾದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟೂ ಜಿತೇಂದ್ರ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಇಬ್ಬರನ್ನೂ ನ್ಯಾಯಾಲಯಕ್ಕೆ ಹೋಗಿ ಎಂದು ಕಳಿಸಿದೆ. ‘ಯಾವ ಕೋರ್ಟಿಗೆ?’ ಎಂದು ಅಣ್ಣ ಕೇಳಿದ. ಆ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕಾಯ್ದೆಯಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

213ನೇ ಕಲಮನ್ನು ತೆಗೆದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅದು ಹೋಗಬೇಕಾಗಿತ್ತು. 1870ರ ಹಿಂದೂ ಉಯಿಲುಗಳ ಕಾಯ್ದೆ ಬಂಗಾಳಕ್ಕೂ ಮದರಾಸು ಮತ್ತು ಬೊಂಬಾಯಿ ಪಟ್ಟಣಗಳಿಗೂ ಎಳೆದ ಗೆರೆಯೇ 1925ರ ಕಾಯ್ದೆಯಲ್ಲೂ ಉಳಿದು, 2025ರವರೆಗೆ ಮುಂದುವರಿದಿತ್ತು. ಮೈಸೂರು, ಧಾರವಾಡ, ಕಲಬುರ್ಗಿಯ ಹಿಂದೂ ಕುಟುಂಬಕ್ಕೆ ಬೇಡವಾದ ಪ್ರೊಬೇಟ್, ಮುಂಬೈಯಲ್ಲಿ ನೆಲೆಸಿ ಅಲ್ಲೊಂದು ಫ್ಲ್ಯಾಟ್ ಮಾಡಿಕೊಂಡ ಕನ್ನಡಿಗನ ಮಕ್ಕಳಿಗೆ ಬೇಕಾಗುತ್ತಿತ್ತು. ಮುಸ್ಲಿಮರಿಗೆ ಈ ಕಟ್ಟಳೆ ಇರಲಿಲ್ಲ. ಭಾರತೀಯ ಕ್ರೈಸ್ತರಿಗೆ ದೇಶದಾದ್ಯಂತ ಇತ್ತು. ಕ್ಲಾರೆನ್ಸ್ ಪೈಸ್ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಇದರಲ್ಲಿ ತಾರತಮ್ಯ ಕಾಣಲಿಲ್ಲವಾದರೂ ಸಂಸತ್ತು 2002ರಲ್ಲಿ ತಿದ್ದುಪಡಿ ತಂದು ಅವರಿಗೆ ವಿನಾಯಿತಿ ನೀಡಿತು. ಮಂಗಳೂರಿನ ಕ್ರೈಸ್ತ ಕುಟುಂಬ ಅಲ್ಲಿಯವರೆಗೆ ತೆರುತ್ತಿದ್ದ ಶುಲ್ಕ, ಕಾಯುತ್ತಿದ್ದ ಕಾಲ ಪಕ್ಕದ ಮನೆಯ ಹಿಂದೂ ಕುಟುಂಬಕ್ಕೆ ಇರಲಿಲ್ಲ. ಇಂಥ ಕಟ್ಟಳೆಗೆ ಸಮರ್ಥನೆ ಹುಡುಕುವುದು ಕಷ್ಟ.

ಆದರೆ ಕಡ್ಡಾಯ ಹೋದ ಮೇಲೆ ಉಳಿದ ಐಚ್ಛಿಕ ವ್ಯವಸ್ಥೆ ನೆಟ್ಟಗಿರಬೇಕಲ್ಲವೇ? ಒಬ್ಬ ವಾರಸುದಾರ ಪ್ರೊಬೇಟ್‌ಗೆ ಅರ್ಜಿ ಹಾಕಿ, ಇನ್ನೊಬ್ಬ ಅದೇ ಆಸ್ತಿಯ ವಿಭಾಗಕ್ಕೆ ದಾವೆ ಹೂಡಿದರೆ ಯಾವುದು ಮುಂದೆ ನಡೆಯಬೇಕು? ಉಯಿಲು ನಿಜವೆಂದು ಒಂದು ಪೀಠ, ಸುಳ್ಳೆಂದು ಇನ್ನೊಂದು ಪೀಠ ಹೇಳಿದರೆ ಮನೆಗೆ ಬೀಗ ಬೀಳುತ್ತದೆ; ಬಾಡಿಗೆಗೂ ಕೊಡಲಾಗದು, ಅಡವಿಟ್ಟು ಸಾಲವನ್ನೂ ತರಲಾಗದು. ಮೊದಲೇ ಅವಸ್ಥೆಗೆ ಬೀಳುವವಳು ಆ ಮನೆಯಲ್ಲಿ ಉಳಿದುಕೊಂಡ ವಿಧವೆ.

ಆದ್ದರಿಂದ 2ನೇ ಕಲಮಿಗೆ ಒಂದು ವ್ಯಾಖ್ಯೆ ಸೇರಲಿ. ಕಾಯ್ದೆಯ ಒಂಬತ್ತನೆಯ ಭಾಗದ ಅಧಿಕಾರ ಚಲಾಯಿಸುವ ನ್ಯಾಯಾಧೀಶರು, ಆ ಅಧಿಕಾರ ಚಲಾಯಿಸುವಷ್ಟರ ಮಟ್ಟಿಗೆ ಪ್ರೊಬೇಟ್ ನ್ಯಾಯಾಲಯ ಎಂದು ಅದು ಹೇಳಲಿ. ಉಯಿಲಿನ ಸಾಚಾತನ ಮಾತ್ರ ಅದರ ವಿಷಯ, ಮಾಲೀಕತ್ವ ಅಲ್ಲ ಎಂಬುದು ತೀರ್ಪುಗಳ ಸಂಪುಟದಿಂದ ಕಾಯ್ದೆಯ ಪುಟಕ್ಕೆ ಬರಲಿ. ಪ್ರೊಬೇಟ್ ಅರ್ಜಿ ಬಾಕಿಯಿದ್ದರೆ ಅದೇ ಉಯಿಲಿನ ಮೇಲಿನ ಸಿವಿಲ್ ದಾವೆಯೂ ಅದೇ ನ್ಯಾಯಾಧೀಶರ ಮುಂದೆ ಬರಲಿ. ಬೆಂಗಳೂರಿನಂಥ ನಗರದಲ್ಲಿ ಸಿಟಿ ಸಿವಿಲ್ ನ್ಯಾಯಾಲಯದ ಒಂದೆರಡು ಪೀಠಗಳನ್ನು ಇದಕ್ಕೇ ಮೀಸಲಿಡಲು ಹೊಸ ಕಟ್ಟಡವೇನೂ ಬೇಡ. ತಾಲ್ಲೂಕುಗಳಲ್ಲಿ ತಕರಾರಿಲ್ಲದ ಅರ್ಜಿಗಳಿಗೆ 265ನೇ ಕಲಮಿನ ಪ್ರತಿನಿಧಿಗಳನ್ನು ಉದಾರವಾಗಿ ಬಳಸಿದರೆ ಸಾಕು. ಪ್ರೊಬೇಟ್ ಅರ್ಜಿಗೂ ಕಾಲಮಿತಿ ಕಾಯ್ದೆಯ ಮೂರು ವರ್ಷದ ಮಿತಿಯೇ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಆ ಮೂರು ವರ್ಷ ಯಾವ ದಿನದಿಂದ ಎಣಿಸಬೇಕು ಎಂಬುದನ್ನೂ ಕಾಯ್ದೆಯೇ ತಿಳಿಸುವುದು ಲೇಸು. ಸಾವಿನ ದಿನದಿಂದಲೋ, ತಕರಾರು ಎದ್ದ ದಿನದಿಂದಲೋ ಎಂಬ ವಾದದಲ್ಲಿಯೇ ವರ್ಷಗಳು ಸವೆಯುತ್ತಿವೆ.

ತಿದ್ದುವ ಕೈಗೆ 273ನೇ ಕಲಮೂ ಸಿಗಲಿ. ಜಿಲ್ಲಾ ನ್ಯಾಯಾಧೀಶರು ನೀಡಿದ ಪ್ರೊಬೇಟ್ ಬೇರೆ ರಾಜ್ಯಗಳಲ್ಲೂ ನಡೆಯಬೇಕಾದರೆ, ಮೃತರ ಖಾಯಂ ವಾಸ ಆ ನ್ಯಾಯಾಧೀಶರ ವ್ಯಾಪ್ತಿಯಲ್ಲಿದ್ದು, ರಾಜ್ಯದ ಹೊರಗಿನ ಆಸ್ತಿಯ ಮೌಲ್ಯ 10,000 ರೂಪಾಯಿ ಮೀರಿರಬಾರದು ಎಂದು ಅದು ಹೇಳುತ್ತದೆ. ಬೆಂಗಳೂರಿನಲ್ಲಿ ವಾಸವಿದ್ದು, ನಿವೃತ್ತಿಯ ಹಣದಲ್ಲಿ ಹೊಸೂರಿನಲ್ಲೊಂದು ನಿವೇಶನ ಕೊಂಡವರು ಸಾವಿರಾರು ಮಂದಿ ಇದ್ದಾರೆ. ಆ ಮೊತ್ತಕ್ಕೆ ಅಲ್ಲಿ ಇಂದು ನಿವೇಶನದ ಮೂಲೆಯಲ್ಲಿ ತೆಂಗಿನ ಸಸಿ ನೆಡುವಷ್ಟು ಜಾಗವೂ ಬಾರದು. ಅವರ ಮಕ್ಕಳು ಇಲ್ಲಿನ ಜಿಲ್ಲಾ ನ್ಯಾಯಾಧೀಶರಿಂದ ಪಡೆದ ಪ್ರೊಬೇಟ್ ಅತ್ತಿಬೆಲೆಯ ಗಡಿಯಲ್ಲೇ ನಿಂತುಬಿಡುತ್ತದೆ.